ತಿರುವಿನ ಸುಣ್ಣ

ಬೆಳಕು ಹರಿಯುವ ಮೊದಲೇ ರುಕ್ಮವ್ವ ಸಗಣಿ ಬಾಚಿ, ಎಮ್ಮೆ ಹಿಂಡಿ, ಮಜ್ಜಿಗೆ ಕಡೆದು, ಹತ್ತು ರೊಟ್ಟಿ ಬಡಿದು, ಮಲಗಿದ್ದ ಗಂಡ ಗುರಪ್ಪನ ಪಕ್ಕ ನೀರಿನ ತಂಬಿಗೆ ಇಟ್ಟು, ಮೊಸರಿನ ಗಡಿಗೆ ಹೊತ್ತು ಯಂಕಂಚಿಯ ತಿರುವಿನಲ್ಲಿ ನಿಂತಿರುತ್ತಾಳೆ. ಎಪ್ಪತ್ನಾಲ್ಕರಲ್ಲಿ ಶುರುವಾದ ಸಿಂದಗಿ ಬಸ್ಸಿಗೆ ಅಲ್ಲಿ ಅವಳ ಕೂಗೇ ನಿಲ್ದಾಣ. "ನಿನ್ನ ಬಾಯಿ ಮುಂದ ನನ್ನ ಹಾರ್ನ್ ಏನೂ ಅಲ್ಲ ಬಿಡವ್ವಾ. ಕತ್ತಲಾಗ ನಿನ್ನ ಕರಿ ಸೀರಿ ಕಾಣೂದಿಲ್ಲ" ಎನ್ನುತ್ತಾನೆ ಡ್ರೈವರ್ ಫಕ್ರುದ್ದೀನ. "ನಿನ್ನ ಕಣ್ಣಿಗೂ ನಾನ ದೀಪ ಹಚ್ಚಬೇಕೇನಪಾ?" ಎಂದು ಅವಳು ಹತ್ತಿದಳೆಂದರೆ ಸಿಂದಗಿ ಬರುವತನಕ ಬಸ್ಸಿನಲ್ಲಿ ಯಾರಿಗೂ ನಿದ್ದೆಯಿಲ್ಲ. ಹೋದ ವಾರ ಒಂದು ದಿನ ಕತ್ತಲಲ್ಲಿ, ತಿರುವಿನಲ್ಲಿ ಲಾರಿಯೊಂದು ಜೊತೆಗೆ ಮೊಸರು ಹೊತ್ತು ನಿಂತಿದ್ದ ಗೆಳತಿ ರಾಜಬಿಯ ಸೆರಗು ಸವರಿಕೊಂಡು ಹೋಗಿತ್ತು. ಗಡಿಗೆ ಒಡೆಯಿತು, ರಾಜಬಿ ಉಳಿದಳು. ಈಗ ದಸರೆಗೆಂದು ರುಕ್ಮವ್ವ ಒಂದು ಕೊಡ ಸುಣ್ಣ ನೆನೆಸಿದ್ದಾಳೆ. "ಮುಂದಿನ ಗೋಡಿಗೆ ದಪ್ಪಗ ಬಳಿ, ಬೀಗರು ಬರ್ತಾರ" ಎಂದು ಹಾಸಿಗೆಯಿಂದಲೇ ಹೇಳಿದ್ದಾನೆ ಗುರಪ್ಪ. ಅವನು ಹೊಲಕ್ಕೆ ಹೋದ ಮೇಲೆ ಅವಳು ಗೋಡೆಯನ್ನೊಮ್ಮೆ ನೋಡಿದಳು. ಬೀಗರೂ ಬಸ್ಸಿನಲ್ಲೇ ಬರುತ್ತಾರಲ್ಲ, ಮೊದಲು ತಿರುವನ್ನೇ ನೋಡಲಿ ಎಂದುಕೊಂಡು, ಕೊಡ ಹೊತ್ತು ಒಬ್ಬಳೇ ನಡೆದು, ತಿರುವಿನ ಕಲ್ಲುಗಳಿಗೂ ಬೇವಿನ ಬುಡಕ್ಕೂ ದಪ್ಪಗೆ ಬಳಿದಳು.