ದುಂಡಗೆ ಕೂರಿಸಿದರೂ ನಂಬದ ಕಲ್ಯಾಣಮ್ಮ

ಕಲ್ಯಾಣಮ್ಮ ನಮ್ಮ ಪಕ್ಕದ ಮನೆಯವರು. ಬೆಳಗೋಡಿನ ಸುತ್ತಲ ಕಾಫಿ ತೋಟಗಳಲ್ಲಿ ಕೂಲಿ ಮಾಡುತ್ತಾರೆ. ಯಾರಾದರೂ ಬೈದರೆ ಅವರಿಗೆ ಅಷ್ಟು ಹೆದರಿಕೆಯಿಲ್ಲ, ಮೆತ್ತಗೆ ಮಾತಾಡಿದರೆ ಹೆದರುತ್ತಾರೆ. ಅದರ ಕಾರಣವನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ.

ಹನ್ನೆರಡು ವರ್ಷದ ಹಿಂದೆ ಅವರು ಗಂಡ ಅಣ್ಣಯ್ಯನವರ ಜೊತೆ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದರು. ಸ್ಟೋರಿನಿಂದ ಒಂದು ಮೂಟೆ ಮೆಣಸು ಕಾಣೆಯಾಯಿತು. ತೋಟದ ಲೆಕ್ಕ ಬರೆಯುವ ರೈಟರ್ ಎಲ್ಲರನ್ನೂ ಕಣದಲ್ಲಿ ಕೂರಿಸಿ, "ನಿಜ ಹೇಳ್ರಪ್ಪ, ಯಾರಿಗೂ ಏನೂ ಮಾಡಲ್ಲ" ಎಂದರು. ಬೀಗ ಹಾಕಲು ಮರೆತದ್ದು ತಾನೇ ಎಂದು ಅಣ್ಣಯ್ಯ ಒಪ್ಪಿಕೊಂಡರು. ರೈಟರ್ ಒಂದು ಹಾಳೆಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದೇ ವಾರ ಮನೆ ಖಾಲಿ ಮಾಡಿಸಿದರು. ಮೆಣಸು ಕದ್ದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಅಣ್ಣಯ್ಯ ಈಗ ಇಲ್ಲ.

ಕಳೆದ ವರ್ಷ ಅವರ ಕೊನೆಯ ಮಗ ಪ್ರಜ್ವಲ್ ಒಂಬತ್ತನೇ ಕ್ಲಾಸಿನಲ್ಲಿದ್ದ. ಜುಲೈ ತಿಂಗಳಲ್ಲಿ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ಹೋಗಿ, ಕ್ಲಾಸಿನ ಕೃತಿಕಾಳ ಬ್ಯಾಗಿಗೆ ಸುರಿದ. ಅವಳು ಕಿರುಚಿಕೊಂಡು ಓಡಿ ಮೆಟ್ಟಿಲ ಮೇಲೆ ಬಿದ್ದಳು. ಗದ್ದಕ್ಕೆ ಮೂರು ಹೊಲಿಗೆ ಬಿತ್ತು.

ಮೊದಲಾಗಿದ್ದರೆ ಟಿ.ಸಿ. ಕೊಟ್ಟು ಕಳಿಸುತ್ತಿದ್ದರು. ಹೊಸದಾಗಿ ಬಂದ ಹೆಡ್ಮಿಸ್ಟ್ರೆಸ್ ನೇತ್ರಾವತಿ ಮೇಡಂ ಬೇರೆ ಕ್ರಮ ತಂದಿದ್ದರು. ತಪ್ಪು ಮಾಡಿದವರು, ನೊಂದವರು, ಇಬ್ಬರ ಮನೆಯವರೂ ದುಂಡಗೆ ಕೂತು ಸರದಿಯಂತೆ ಮಾತಾಡಬೇಕು. ಆದದ್ದೇನು, ಯಾರಿಗೆ ನೋವಾಯಿತು, ಸರಿಮಾಡುವುದು ಹೇಗೆ ಎಂದು ಕೇಳುತ್ತಾರೆ. ಶಿಕ್ಷೆ ಇಲ್ಲ.

"ಶಿಕ್ಷೆ ಇಲ್ವಂತೆ! ಬಾಯಿ ಬಿಡಿಸಿ ಟಿ.ಸಿ. ಕೈಗಿಡ್ತಾರೆ ಕಣವ್ವ" ಎಂದರು ಕಲ್ಯಾಣಮ್ಮ. ಅವರ ಮನೆಯಲ್ಲಿ ಒಂಬತ್ತನೇ ಕ್ಲಾಸಿನವರೆಗೆ ಓದಿದವನು ಅವನೊಬ್ಬನೇ. "ನೀನೂ ಬಾ. ಏನಾದ್ರೂ ಬರ್ಕಂಡ್ರೆ ಓದಿ ಹೇಳು."

ನಾನೂ ಓದಿದ್ದು ಅದೇ ಶಾಲೆಯಲ್ಲಿ; ಓದು ಬಿಟ್ಟ ಮೇಲೆ ಆ ಗೇಟು ದಾಟಿರಲಿಲ್ಲ. ಆದರೂ ಹೋದೆ.

ಹೊರಡುವ ಮುಂಚೆ ಅವರು ತಮ್ಮ ಎಡಗೈ ಹೆಬ್ಬೆರಳಿಗೂ ಮಗನ ಎಡಗೈ ಹೆಬ್ಬೆರಳಿಗೂ ಹಳೇ ಸೀರೆಯ ಒಂದೊಂದು ಚೂರು ಸುತ್ತಿ ಗಂಟು ಹಾಕಿದರು.

"ಹೆಬ್ಬೆಟ್ಟು ಒತ್ತು ಅಂದ್ರೆ ಗಾಯ ಐತೆ ಅನ್ನು."

"ಅವ್ವ, ನಂಗೆ ಸೈನ್ ಮಾಡಕ್ಕೆ ಬರ್ತದೆ" ಎಂದ ಪ್ರಜ್ವಲ್.

ಅವರು ಅವನ ಬಲಗೈ ಹೆಬ್ಬೆರಳಿಗೂ ಸುತ್ತಿದರು.

ಶಾಲೆಯಲ್ಲಿ ಕೃತಿಕಾಳ ತಾಯಿ ಪುಷ್ಪಕ್ಕ ಇದನ್ನು ನೋಡಿ, "ಇದೇನು ಕಲ್ಯಾಣಕ್ಕ, ಅಮ್ಮಂಗೆ ಒಂದು ಬೆರಳು, ಮಗಂಗೆ ಎರಡು! ಹೊಲಿಗೆ ಬಿದ್ದಿದ್ದು ನನ್ ಮಗಳಿಗೆ ಕಣ್ರೀ" ಎಂದರು. ಮೇಡಂ ಕೈಯಲ್ಲಿ ಹಾಳೆ ಇರಲಿಲ್ಲ. ಕಲ್ಯಾಣಮ್ಮ ಬಗ್ಗಿ ಅವರ ಕುರ್ಚಿಯ ಕೆಳಗೂ ನೋಡಿದರು.

ಕೃತಿಕಾ ಮೊದಲು ಮಾತಾಡಿದಳು. "ಗದ್ದದ ನೋವು ಹೋಯ್ತು. ಬ್ಯಾಗಿಗೆ ಕೈ ಹಾಕಕ್ಕೆ ಭಯ. ಪುಸ್ತಕ ತೆಗೆಯಕ್ಕೂ ಯಾರಾದ್ರೂ ಬೇಕು."

ಪ್ರಜ್ವಲನ ಸರದಿ ಬಂತು. ಕಲ್ಯಾಣಮ್ಮ ಅವನ ಕಾಲು ತುಳಿದರು. ಅವನು ಕಾಲು ಹಿಂದಕ್ಕೆಳೆದುಕೊಂಡು ಹೇಳಿದ: "ನಾನೇ ಹಾಕಿದ್ದು. ಎಲ್ಲಾರೂ ನಗ್ತಾರೆ ಅಂದ್ಕಂಡಿದ್ದೆ."

ಕಲ್ಯಾಣಮ್ಮ ಕಣ್ಣು ಮುಚ್ಚಿಕೊಂಡರು.

ಸರಿಮಾಡುವುದು ಹೇಗೆಂದು ಮೇಡಂ ಕೃತಿಕಾಳನ್ನೇ ಕೇಳಿದರು. ಅವಳು ಯೋಚಿಸಿ, "ದಿನಾ ಬೆಳಿಗ್ಗೆ ನನ್ ಬ್ಯಾಗು ಅವನೇ ಖಾಲಿ ಮಾಡಿ ತೋರಿಸ್ಲಿ. ನಾನು ಸಾಕು ಅನ್ನೋವರೆಗೂ" ಎಂದಳು.

ಮರುದಿನದಿಂದ ಕಲ್ಯಾಣಮ್ಮ ಕೆಲಸಕ್ಕೆ ಹೋಗುವ ಮುಂಚೆ ಕ್ಲಾಸಿನ ಕಿಟಕಿಯ ಹೊರಗೆ ನಿಲ್ಲತೊಡಗಿದರು. ಹಾಜರಿಯಲ್ಲಿ ಮಗನ ಹೆಸರು ಕೂಗುತ್ತಾರೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಿದ್ದರು. ತಡವಾಯಿತೆಂದು ತೋಟದ ಮೇಸ್ತ್ರಿ ಬೈಯುತ್ತಿದ್ದ. ಹನ್ನೆರಡನೇ ದಿನ ನಾನೂ ಜೊತೆಗಿದ್ದೆ. ಪ್ರಜ್ವಲ್ ಬ್ಯಾಗಿಗೆ ಕೈಚಾಚಿದಾಗ ಕೃತಿಕಾ ಅದನ್ನು ಎಳೆದುಕೊಂಡು ತಾನೇ ಪುಸ್ತಕ ತೆಗೆದಳು. "ಸಾಕು, ಹೋಗೋ."

ಕಲ್ಯಾಣಮ್ಮ ಬಾಗಿಲಿಗೆ ಹೋದರು. "ಮೇಡಮ್ಮೋರೇ, ಇಷ್ಟೇನಾ?"

"ಇಷ್ಟೇ."

"ಆಮೇಲೆ?"

"ಆಮೇಲೆ ಗಣಿತ, ಕಲ್ಯಾಣಮ್ಮ."

ಅವರು ಕದಲಲಿಲ್ಲ. ಮೇಡಂ ಬೋರ್ಡಿನ ಮೇಲೆ ಲೆಕ್ಕ ಬರೆದು ಪ್ರಜ್ವಲನನ್ನು ಎಬ್ಬಿಸಿದರು. ಅವನು ತಪ್ಪು ಉತ್ತರ ಹೇಳಿದ. ಕೂತು ಇನ್ನೊಂದು ಸಲ ಮಾಡು ಎಂದರು ಮೇಡಂ. ಅವನು ಕೂತು ಪೆನ್ನು ಹಿಡಿದದ್ದನ್ನು ನೋಡಿಕೊಂಡೇ ಕಲ್ಯಾಣಮ್ಮ ತೋಟದ ಕಡೆ ಹೊರಟರು.