ಸೋತವನು ಆಡಬೇಕಾದ ಮಾತು

ಭೀಮಾ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾನು ಹರಿಗೋಲನ್ನು ನೀರಿಗೆ ಇಳಿಸಲಿಲ್ಲ. ತಲೆಯ ಮೇಲೆ ಬೋರಲು ಹೊತ್ತುಕೊಂಡು ದಂಡೆಗುಂಟ ಮೇಲಕ್ಕೆ ನಡೆಯತೊಡಗಿದೆ.

ಹಿಂದೆ ಊರಿಗೆ ಊರೇ ನಗುತ್ತಿತ್ತು.

"ನೋಡ್ರಿ, ಹುಡುಗಿ ಅಂಜಿ ಮನಿಗೆ ಹೊಂಟಾಳ..."

ಇದು ನಿಜಾಮರ ಕಾಲದ ಕೊನೆಕೊನೆಯ ಸಂಗತಿ. ನನಗಾಗ ಹದಿನಾರೋ ಹದಿನೇಳೋ. ಈಗ ತೊಂಬತ್ತು ದಾಟಿದ್ದೇನೆ. ನಾನು ಹೇಳುತ್ತೇನೆ, ಮೊಮ್ಮಗಳು ಮೊಬೈಲಿನಲ್ಲಿ ಟೈಪ್ ಮಾಡುತ್ತಾಳೆ. ನನ್ನ ಮಾತನ್ನು ತೊಳೆದು ಬಳಿದು ಪುಸ್ತಕದ ಭಾಷೆ ಮಾಡುತ್ತಾಳೆ, ಮಾಡಲಿ.

ಶಹಾಪುರದ ಕಡೆಯವರು ರೈಲು ಹತ್ತಬೇಕೆಂದರೆ ಹೊಳೆ ದಾಟಿ ಯಾದಗಿರಿಗೆ ಬರಬೇಕು. ನಮ್ಮೂರ ಹತ್ತಿರ ಅವರನ್ನು ದಾಟಿಸುವ ಹಕ್ಕು ನಮ್ಮ ಮನೆಯದು.

ಆ ವರ್ಷ ಅಪ್ಪನ ಬಲಗೈ ಮುರಿಯಿತು. ಎಲುಬು ಕೂಡಿದರೂ ಕೈ ಮತ್ತೆ ಹುಟ್ಟು ಹಿಡಿಯಲಿಲ್ಲ. ಮನೆಯಲ್ಲಿ ಗಂಡುಮಕ್ಕಳಿಲ್ಲ, ಇದ್ದವಳು ನಾನೊಬ್ಬಳೇ.

ದೊಡ್ಡಪ್ಪನ ಮಗ ಹಣಮಂತಣ್ಣ, ಹಕ್ಕು ತನಗೆ ಬರಬೇಕೆಂದ. ಅವನ ತೋಳು ನೋಡಿದರೆ ಯಾರೂ ಇಲ್ಲ ಅನ್ನುವ ಹಾಗಿರಲಿಲ್ಲ. ಹೆಣ್ಣುಹುಡುಗಿಯ ಕೈಯಲ್ಲಿ ಜೀವ ಕೊಟ್ಟು ಯಾರು ಕೂಡುತ್ತಾರೆ ಅಂತ ಊರಿನವರೂ ಗೊಣಗಿದರು. ಹಕ್ಕು ಹೋದರೆ ನಮಗೆ ಹೊಳೆ ಇಲ್ಲ... ಹೊಳೆ ಬಿಟ್ಟು ನಮಗೆ ಬೇರೆ ಬದುಕು ಗೊತ್ತಿಲ್ಲ.

ಊರ ಗೌಡರು ಒಂದೇ ಮಾತು ಹೇಳಿದರು. "ಹೊಳೀನ ಫೈಸಲಾ ಮಾಡ್ಲಿ. ಆಚಿ ದಂಡಿ ಬೇವಿನ ಗಿಡ ಯಾರು ಮೊದಲ ಮುಟ್ಟತಾರ, ಹಕ್ಕು ಅವರದು."

ತುಂಬಿದ ಹೊಳೆ ನೆಟ್ಟಗೆ ದಾಟಲು ಬಿಡುವುದಿಲ್ಲ, ಕೆಳಗೆ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೊದಲು ದಂಡೆಗುಂಟ ಮೇಲಕ್ಕೆ ನಡೆದು, ಅಲ್ಲಿಂದ ನೀರಿಗಿಳಿಯಬೇಕು. ಇದು ಹರಿಗೋಲಿನವರ ಮನೆಯ ಕೂಸಿಗೂ ಗೊತ್ತು.

ಹಣಮಂತಣ್ಣನಿಗೂ ಗೊತ್ತಿತ್ತು. ಆದರೆ ಅಷ್ಟು ಜನರ ಮುಂದೆ, ಒಬ್ಬ ಹುಡುಗಿಯ ಎದುರು, ಆಮೆಯ ಹಾಗೆ ಹರಿಗೋಲು ಹೊತ್ತು ನಡೆಯಲು ಅವನಿಗೆ ನಾಚಿಕೆ. ನಿಂತಲ್ಲಿಂದಲೇ ನೀರಿಗಿಳಿದ. ಜನ ಸೀಟಿ ಹೊಡೆದರು.

ನಾನು ನಡೆದೆ. ಕತ್ತು ನೋಯುತ್ತಿತ್ತು, ನಗು ಕಿವಿಯಲ್ಲೇ ಇತ್ತು. ಹುಣಸೆಗಿಡಗಳು ಮುಗಿಯುವಲ್ಲಿ ಹರಿಗೋಲು ಇಳಿಸಿ ಹತ್ತಿ ಕೂತೆ.

ಈಗಲೂ ಕಣ್ಣು ಮುಚ್ಚಿದರೆ ಅಲ್ಲೇ ಇದ್ದೇನೆ... ನೀರು ಎಳೆಯುತ್ತಿದೆ, ನಾನು ಹುಟ್ಟು ಹಾಕಿ ಬರೀ ದಾರಿ ತಿದ್ದುತ್ತಿದ್ದೇನೆ. ಬೇವಿನ ಗಿಡ ತಾನೇ ನನ್ನ ಕಡೆಗೆ ಬರುತ್ತಿದೆ. ಕೈ ಚಾಚಿ ಕೊಂಬೆ ಹಿಡಿದೆ.

ಹಣಮಂತಣ್ಣ ಎಲ್ಲೂ ಕಾಣಲಿಲ್ಲ. ಹೊಳೆ ಅವನನ್ನು ಬಹಳ ಕೆಳಗಿನ ಜಾಲಿ ಕಂಟಿಗೆ ಒಯ್ದಿತ್ತು. ಅವನು ಕೊನೆಗೂ ಹರಿಗೋಲು ಹೊತ್ತು ನಡೆದು ಬರುವಷ್ಟರಲ್ಲಿ, ನಾನು ಸೆರಗು ಹಿಂಡಿಕೊಂಡು, ಬುತ್ತಿಯ ರೊಟ್ಟಿ ತಿಂದು ಮುಗಿಸಿದ್ದೆ.

ಇಬ್ಬರೂ ನಮ್ಮ ದಂಡೆಗೆ ಮರಳಿದೆವು. ನಾನು ಕುಣಿಯುತ್ತಾ ಅಪ್ಪನ ಹತ್ತಿರ ಹೋಗಿ, "ಅಪ್ಪಾ, ಹೂ ಎತ್ತಿದಂಗ ಗೆ..." ಅನ್ನುವುದರಲ್ಲಿ ಅಪ್ಪ ಎಡಗೈಯಿಂದ ನನ್ನ ಬಾಯಿ ಮುಚ್ಚಿದ.

"ಆ ಮಾತು ಗೆದ್ದಾಕಿದಲ್ಲ. ಸೋತಾಂವ ಅನ್ನಬೇಕು. ಗೆದ್ದಾಕಿ ಅಂದ್ರ ಅದು ಬರೀ ಸೊಕ್ಕು."

ನಮ್ಮಲ್ಲಿ ಕುಸ್ತಿಯಿರಲಿ, ಗುಂಡುಕಲ್ಲು ಎತ್ತುವುದಿರಲಿ, ಅದೇ ಪದ್ಧತಿ. ಬೆಣ್ಣೆಯಾಗಿನ ಕೂದಲು ತೆಗೆದಂಗ, ನೀರು ಕುಡಿದಂಗ, ಹೂ ಎತ್ತಿದಂಗ... ಸಲೀಸಾಗಿ ಗೆದ್ದರು ಅನ್ನುವ ಇವೆಲ್ಲ ಸೋತವನ ಬಾಯಿಗೆ ಬಿಟ್ಟ ಮಾತುಗಳು. ಅವನು ಅಂದರೆ ಮಾತ್ರ ಗೆಲುವು ಪಕ್ಕಾ.

ಅಷ್ಟರಲ್ಲಿ ಜನ ಶುರು ಮಾಡಿದರು. "ಈಕಿದೇನದ ಇದರಾಗ? ನೀರು ತಂದು ಮುಟ್ಟಿಸ್ಯಾದ. ಇನ್ನೊಮ್ಮಿ ಆಗ್ಲಿ."

ಗೌಡರು ಹಣಮಂತಣ್ಣನ ಮುಖ ನೋಡಿದರು. "ಏನಂತಿ ಹಣಮಂತ?"

ಅವನು ಹೂಂ ಅಂದಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಎರಡನೇ ಸಲ ಅವನೂ ಮೇಲಕ್ಕೆ ನಡೆಯುತ್ತಿದ್ದ, ಆ ತೋಳುಗಳ ಮುಂದೆ ನನ್ನ ಆಟ ನಡೆಯುತ್ತಿರಲಿಲ್ಲ.

ಅವನು ಹರಿಗೋಲು ಕೆಳಗಿಟ್ಟ. ನನ್ನನ್ನು ನೋಡಲಿಲ್ಲ, ಅಪ್ಪನ ಮುರಿದ ಕೈ ನೋಡಿದ.

"ಇನ್ನೊಮ್ಮಿ ಬ್ಯಾಡ್ರಿ ಗೌಡ್ರ. ಮಂದಿ ನಗತಾರಂತ ನಾ ನಡೀಲಿಲ್ಲ. ಮಂದಿ ನಗಾಕತ್ತಿದ್ರೂ ಈಕಿ ನಡದಾಳ. ನನ್ನ ತಂಗಿ ಹೂ ಎತ್ತಿದಂಗ ಗೆದ್ದಾಳ."

ಅಪ್ಪ ಎಡಗೈಯಿಂದ ಕಣ್ಣು ಒರೆಸಿಕೊಂಡ.

ಅಂದಿನಿಂದ ಸೇತುವೆ ಆಗುವ ತನಕ ನಾನೇ ದಾಟಿಸಿದೆ. ರಂಗಂಪೇಟೆಯ ಮದುವೆ ದಿಬ್ಬಣ, ಮಾಸ್ತರರು, ಕುರಿಮರಿ, ನಿಜಾಮರ ಕಾಲ ಮುಗಿಯುವಾಗಿನ ಗದ್ದಲದ ದಿನಗಳಲ್ಲಿ ಊರು ಬಿಟ್ಟು ಬಂದ ಬಾಣಂತಿಯರು... ಒಬ್ಬರನ್ನೂ ಹೊಳೆಗೆ ಕೊಟ್ಟಿಲ್ಲ. ಈ ಮಾತನ್ನು ಮಾತ್ರ ಎದೆ ತಟ್ಟಿಯೇ ಹೇಳುತ್ತೇನೆ.

ನಿನ್ನೆ ಮರಿಮಗ ಕ್ರಿಕೆಟ್ ಆಡಿ ಬಂದ. "ಒನ್ ಸೈಡ್ ಮ್ಯಾಚ್ ಅಜ್ಜಿ, ಬಾಳಿಹಣ್ಣು ಸುಲದಂಗ ಗೆದ್ವಿ."

"ಇದು ನೀವು ಅಂದದ್ದೋ, ಅವರು ಅಂದದ್ದೋ?" ಅಂತ ಕೇಳಿದೆ. ಬ್ಯಾಟು ಮೂಲೆಗಿಟ್ಟು ಹೋದ.

ನಾನಂತೂ ಅಪ್ಪನ ಮಾತು ಮೀರಿಲ್ಲ. ಹೂ ಎತ್ತಿದಂಗ ಗೆದ್ದೆ ಅಂತ ಇವತ್ತಿಗೂ ಅಂದಿಲ್ಲ. ಹಣಮಂತಣ್ಣ ಅಂದದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೇನೆ, ಅಷ್ಟೇ.

ನೀವೂ ಗೆದ್ದಿರುತ್ತೀರಿ... ಸೋತವರು ಎಂದಾದರೂ ಬಂದು ನಿಮಗೆ ಆ ಮಾತು ಅಂದಿದ್ದಾರೇನು?