ಮೀಟರಮ್ಮನ ಸೀಮೆಸುಣ್ಣ

ನಮ್ಮ ಬೀದಿಯ ರಿಪೇರಿ ಹೆಂಗಸನ್ನು ಎಲ್ಲರೂ ಮೀಟರಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ, ಫ್ಯಾನು, ಕರೆಂಟ್ ಒಲೆ ರಿಪೇರಿ ಮಾಡಿದವರು. ಏನೇ ಕೆಟ್ಟಿರಲಿ, ಮೊದಲು ಸ್ಕ್ರೂ ಬಿಚ್ಚುತ್ತಿರಲಿಲ್ಲ. ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು ಆಂಪಿಯರ್ ಎಂದು ಮೀಟರಿನಲ್ಲಿ ನೋಡಿ, ಮನೆಯವರ ಕೈಗೇ ಸೀಮೆಸುಣ್ಣ ಕೊಟ್ಟು ಲೆಕ್ಕ ಮಾಡಿಸುತ್ತಿದ್ದರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗಿರುವ ತಡೆ, ಇಷ್ಟು ಓಮ್. ಎರಡನ್ನೂ ಗುಣಿಸಿದರೆ ಪವರ್, ಇಷ್ಟು ವ್ಯಾಟ್. “ರಿಪೇರಿಗೆ ಕರೆದ್ರೆ ಪಾಠ ಮಾಡ್ತಾಳೆ” ಎಂದು ಗೊಣಗುವವರಲ್ಲಿ ನಮ್ಮಪ್ಪನೇ ಮುಂದು.

ಅಪ್ಪನ ಹಟ ಅಂತಿಂಥದ್ದಲ್ಲ. ನನ್ನ ಮಗಳು ಹುಟ್ಟಿ ತಿಂಗಳಾಗಿತ್ತು, ಅಪ್ಪನ ಮನೆಯಲ್ಲೇ ಇದ್ದೆ. ಮಗುವಿಗೆ ನೀರು ಕಾಯಿಸುವ ಒಲೆಯ ಕಾಯಿಲ್ ಮೂರು ಸಲ ತುಂಡಾಯಿತು. ಮೂರು ಸಲವೂ ಅಪ್ಪ ಸುಟ್ಟ ತುದಿ ಕತ್ತರಿಸಿ, ಉಳಿದದ್ದನ್ನು ತಿರುಚಿ ಸೇರಿಸಿದರು.

“ನೋಡು, ಮೊದಲಿಗಿಂತ ಬೇಗ ನೀರು ಕಾಯುತ್ತೆ!” ಎಂದು ಬೀಗಿದರು.

ಒಲೆಯ ಪ್ಲಗ್ ಇದ್ದ ಗೋಡೆಯ ಆ ಬದಿಗೇ ನನ್ನ ಮಗಳ ತೊಟ್ಟಿಲು. ಎರಡು ದಿನದಿಂದ ಅಲ್ಲಿ ಏನೋ ಸುಟ್ಟ ವಾಸನೆ. ಹೇಳಿದರೆ ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಭಯವಾಗಿ, ಫ್ಯಾನಿನ ನೆಪ ಹೇಳಿ ಮೀಟರಮ್ಮನನ್ನು ಕರೆಸಿದೆ.

ಅವರು ಬಂದವರೇ ಮೂಗರಳಿಸಿದರು. ಫ್ಯಾನಿನ ಸುದ್ದಿಯನ್ನೇ ಎತ್ತಲಿಲ್ಲ. ಒಲೆ ಹಚ್ಚಿ, ಮೀಟರ್ ಹಿಡಿದು, ಅಪ್ಪನ ಕೈಗೆ ಸೀಮೆಸುಣ್ಣ ಕೊಟ್ಟರು.

“ಅಣ್ಣಾ, ನನ್ ಕಣ್ಣು ಸ್ವಲ್ಪ ಮಂಜು. ಇನ್ನೂರಿಪ್ಪತ್ತು ವೋಲ್ಟು, ಎಂಟು ಆಂಪಿಯರ್ ಇದೆ. ನೀವೇ ಹಾಕಿ ಲೆಕ್ಕ.”

ಅಪ್ಪ ನೆಲದ ಮೇಲೆ ಠೀವಿಯಿಂದ ಬರೆದರು. ಭಾಗಿಸಿದರೆ ಇಪ್ಪತ್ತೇಳೂವರೆ ಓಮ್. ಗುಣಿಸಿದರೆ ಸಾವಿರದ ಏಳುನೂರ ಅರವತ್ತು ವ್ಯಾಟ್.

“ಒಲೆ ತಳದಲ್ಲಿ ಏನು ಬರ್ದಿದೆ ನೋಡಿ.”

ಸಾವಿರದ ನೂರು ವ್ಯಾಟ್ ಎಂದಿತ್ತು. ಅಂದರೆ ಇರಬೇಕಾದದ್ದು ಐದೇ ಆಂಪಿಯರ್, ನಲವತ್ತನಾಲ್ಕು ಓಮ್. ಅಪ್ಪನ ಕೈ ನಿಂತಿತು.

“ಕಾಯಿಲ್ ಗಿಡ್ಡ ಆಗಿ ರೋಧ ಇಳಿದಿದೆ,” ಎಂದು ಅಪ್ಪನೇ ಮೆಲ್ಲಗೆ ಹೇಳಿಕೊಂಡರು. “ಅದಕ್ಕೇ ಕರೆಂಟ್ ಜಾಸ್ತಿ ಎಳೀತಿದೆ. ಗೋಡೆಯೊಳಗಿನ ವೈರು?”

“ಆರು ಆಂಪಿಯರಷ್ಟೇ ತಡೆಯೋದು,” ಎಂದರು ಮೀಟರಮ್ಮ, ಅಷ್ಟೇ.

ಅಪ್ಪ ಸ್ವಿಚ್ ಆರಿಸಿ ಗೋಡೆ ಮುಟ್ಟಿದರು. ಬೆಚ್ಚಗಿತ್ತು. ಒಳಗೆ ಹೋಗಿ ತೊಟ್ಟಿಲನ್ನು ಮಗುವಿನ ಸಮೇತ ಎತ್ತಿ ಆಚೆ ಕೋಣೆಗೆ ತಂದರು. ಆಮೇಲೆ ಪ್ಲಗ್ ಪೆಟ್ಟಿಗೆ ಬಿಚ್ಚಿದರೆ ವೈರಿನ ಹೊದಿಕೆ ಇದ್ದಿಲಾಗಿ ಪುಡಿಪುಡಿ ಉದುರಿತು.

ಮೀಟರಮ್ಮ ನೇರವಾಗಿ ತಪ್ಪೆಂದು ಹೇಳಿದ್ದರೆ ಅಪ್ಪ ಜಗಳಕ್ಕೆ ನಿಲ್ಲುತ್ತಿದ್ದರು, ಒಲೆಯೂ ಉರಿಯುತ್ತಲೇ ಇರುತ್ತಿತ್ತು. ಆ ಹೆಂಗಸಿಗೆ ನಾನು ಎಷ್ಟು ಋಣಿಯೆಂದು ಅಳೆಯುವ ಮೀಟರ್ ನನ್ನ ಬಳಿ ಇಲ್ಲ. ಅಪ್ಪನಾದರೋ “ನಾನೇ ಲೆಕ್ಕ ಹಾಕಿ ಕಂಡುಹಿಡಿದೆ” ಎಂದು ಬೀದಿಯೆಲ್ಲ ಡಂಗುರ ಸಾರಿದರು. ಮೀಟರಮ್ಮ ಕೇಳಿ ನಗುತ್ತಿದ್ದರು.

ಈ ವರ್ಷ ಅವರ ಕಣ್ಣು ನಿಜವಾಗಿಯೂ ಮಂಜಾಗಿ ಕೆಲಸ ನಿಲ್ಲಿಸಿದರು. ನಾನೂ ಅಪ್ಪನೂ ನೋಡಲು ಹೋದಾಗ ಅವರ ಮನೆಯ ಇಸ್ತ್ರಿಪೆಟ್ಟಿಗೆಯೇ ಕೆಟ್ಟಿತ್ತು. ಅಪ್ಪ ಸ್ಕ್ರೂ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ಮೀಟರ್ ಓದಿ ಹೇಳಿದರು, ಮೀಟರಮ್ಮ ಬಾಯಿಲೆಕ್ಕದಲ್ಲೇ ಭಾಗಿಸಿದರು.

“ಅವತ್ತು ಲೆಕ್ಕ ನಂದು ಅಂತ ಎಲ್ರಿಗೂ ಹೇಳ್ಕೊಂಡು ಬಂದೆ,” ಎಂದರು ಅಪ್ಪ, ತಲೆ ತಗ್ಗಿಸಿ. “ಮೊಮ್ಮಗಳನ್ನ ಉಳಿಸಿದ್ದು ನೀವಮ್ಮ.”

“ಇರ್ಲಿ ಬಿಡಿ ಅಣ್ಣಾ,” ಎಂದರು ಅವರು. “ತೊಟ್ಟಿಲು ಎತ್ತಿದ್ದು ನೀವೇ ಅಲ್ವಾ?”